12 ಬೋರ್ ಅಂದರೆ 12 ಎಂಎಂ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬೆಳೆ ರಕ್ಷಣೆಯ ಕೋವಿಗಳ ಬಗ್ಗೆ ಒಂದು ಸುದ್ದಿ ಬಂದಿತ್ತು. ಸುದ್ದಿ ಚೆನ್ನಾಗಿಯೇ ಇತ್ತು. ಆದರೆ ‘12 ಎಂಎಂ ಬೋರಿನ ಕೋವಿ’ ಎಂದು ಎರಡು ಕಡೆ ಅಚ್ಚಾಗಿದೆ. ಒಂದು ಸಲ ಆಗಿದ್ದರೆ ಕೈತಪ್ಪು ಎಂದು ಸುಮ್ಮನಿರುತ್ತಿದ್ದೆ. ಎರಡು ಸಲ ಇದ್ದದ್ದರಿಂದ ಈ ಕಾಗದ.

12 ಎಂಎಂ ತೂತಿನಲ್ಲಿ ನನ್ನ ಕಿರುಬೆರಳು ಕೂಡ ಹೋಗುವುದಿಲ್ಲ. 12 ಬೋರಿನ ಕೋವಿಯ ಬಾಯಿಯಲ್ಲಿ ತೋರುಬೆರಳು ಆರಾಮಾಗಿ ಹೋಗುತ್ತದೆ. ಅದರ ಒಳಗಿನ ಅಗಲ ಸುಮಾರು 18.5 ಎಂಎಂ. ಹಾಗಾದರೆ ಆ 12 ಎಲ್ಲಿಂದ ಬಂತು? ಅದು ಅಗಲದ ಅಳತೆಯೇ ಅಲ್ಲ, ತೂಕದ ಲೆಕ್ಕ. ಒಂದು ಪೌಂಡ್ ಸೀಸ ಕರಗಿಸಿ ಒಂದೇ ಸಮ 12 ಗುಂಡು ಎರಕ ಹೊಯ್ದರೆ, ಆ ಒಂದೊಂದು ಗುಂಡು ಸರಿಯಾಗಿ ಹಿಡಿಸುವ ನಳಿಗೆಗೆ 12 ಬೋರ್ ಎಂದು ಹೆಸರು. 16 ಗುಂಡು ಹೊಯ್ದರೆ 16 ಬೋರ್. ಗುಂಡು ಸಣ್ಣದಾಯಿತು, ನಳಿಗೆಯೂ ಸಣ್ಣದಾಯಿತು, ನಂಬರ್ ಮಾತ್ರ ಜಾಸ್ತಿ ಆಯಿತು.

ಇದು ನಮ್ಮ ಕಡೆಯವರಿಗೆ ಹೊಸ ಲೆಕ್ಕ ಏನಲ್ಲ. ಗೇರುಬೀಜದ ಕಾರ್ಖಾನೆಗೆ ಹೋಗಿ ನೋಡಿ. ನನ್ನ ತಂಗಿ ಪುತ್ತೂರಿನ ಹತ್ತಿರ ಅಂಥ ಒಂದು ಕಡೆ ಹದಿನೆಂಟು ವರ್ಷ ಬೀಜ ಆರಿಸಿದವಳು. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320 ಎಂದು ಡಬ್ಬದ ಮೇಲೆ ಬರೆದಿರುತ್ತಲ್ಲ, ಅದು ಪೌಂಡಿಗೆ ಎಷ್ಟು ಬೀಜ ತೂಗುತ್ತದೆ ಎಂಬ ಲೆಕ್ಕ. 180 ಅಂದರೆ ದಪ್ಪ ಬೀಜ, ದುಬಾರಿ. 320 ಅಂದರೆ ಮದುವೆ ಮನೆ ಪಾಯಸಕ್ಕೆ ಹಾಕುವ ಸಣ್ಣ ಬೀಜ. ‘180 ಎಂಎಂ ಗೋಡಂಬಿ’ ಎಂದು ನೀವು ಅಚ್ಚು ಹಾಕಿದರೆ ನನ್ನ ತಂಗಿ ಎಷ್ಟು ನಗುತ್ತಾಳೋ, ಸುದ್ದಿ ಓದಿ ನನ್ನ ಭಾವ ಅಷ್ಟೇ ನಕ್ಕರು.

ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಅದರಲ್ಲಿ ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಷನ್. ಬೇರೆಯವರು ಮಾಡಿದ ತೂತು ಸರಿ ಇದೆಯೋ ಇಲ್ಲವೋ ಎಂದು ಹೇಳುವುದೇ ಕೆಲಸ. ಈಗ ರಿಟೈರಾಗಿ ಮಡಿಕೇರಿ ತಾಲೂಕಿನ ಊರಿಗೆ ಬಂದಿದ್ದೇನೆ. ಕಾಫಿ, ಮೆಣಸು, ಸ್ವಲ್ಪ ಏಲಕ್ಕಿ. ಸೂಕ್ಷ್ಮ ಅಳತೆ ಹಿಡಿಯುವ ವರ್ನಿಯರ್, ಮೈಕ್ರೋಮೀಟರ್ ಎರಡನ್ನೂ ಎಣ್ಣೆ ಬಟ್ಟೆ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೆ. ಎರಡು ವರ್ಷದ ಹಿಂದೆ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಸಮಯದಲ್ಲಿ ಅವನ್ನು ಹೊರಗೆ ತೆಗೆಯುವ ಹಾಗಾಯಿತು. ಆ ಕಥೆ ಹೇಳಿದರೆ ಬೋರ್ ಅಂದರೆ ಏನು, ಅದನ್ನು ಅಳೆಯುವುದು ಯಾಕೆ ಇಷ್ಟು ತಲೆನೋವು ಎಂಬುದು ನಿಮ್ಮ ವರದಿಗಾರರಿಗೂ ಗೊತ್ತಾಗಬಹುದು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಭಾವನ ಮನೆಯಲ್ಲಿ ಎರಡು ಕೋವಿ. ಒಂದು ಮಾಮೂಲಿ 12 ಬೋರಿನ ತೋಟೆ ಕೋವಿ. ಇನ್ನೊಂದು ಅವರ ಮುತ್ತಜ್ಜನ ಕಾಲದ ಕೇಪಿನ ಕೋವಿ, ಬಾಯಿಂದ ಮದ್ದು ತುಂಬಿ, ಬುಡದಲ್ಲಿ ಕೇಪು ಎಂಬ ಕಿಡಿ ಹಾರಿಸುವ ಸಣ್ಣ ಟೋಪಿ ಇಟ್ಟು ಹೊಡೆಯುವುದು. ಕಾಗದದಲ್ಲಿ ಅದಕ್ಕೆ ‘ಎಸ್‌ಬಿಎಂಎಲ್’ ಎಂದಿದೆ. ಒಂಟಿ ನಳಿಗೆ, ಬಾಯಿಂದ ತುಂಬುವುದು ಎಂದು ಅರ್ಥ, ಅಷ್ಟೇ. ನಳಿಗೆ ಎಷ್ಟು ಅಗಲ, ಒಳಗೆ ನುಣುಪೋ ಗೀರು ಇದೆಯೋ ಎಂಬ ಸುದ್ದಿಯೇ ಇಲ್ಲ.

ಭಾವನಿಗೆ ಆ ವರ್ಷ ಆ ಹಳೇ ಕೋವಿಯಲ್ಲೇ ಹಬ್ಬದ ತೆಂಗಿನಕಾಯಿಗೆ ಗುರಿ ಇಡಬೇಕು ಎಂಬ ಹಟ ಬಂತು. ಗುಂಡಿನ ಅಚ್ಚು ಎಲ್ಲೋ ಕಳೆದುಹೋಗಿತ್ತು. ಕೋವಿ ರಿಪೇರಿ ಮಾಡುವ ಒಬ್ಬರ ಹತ್ತಿರ ತೆಗೆದುಕೊಂಡು ಹೋದರು. ಅವರು ನಳಿಗೆಯ ಬಾಯಿಗೆ ವರ್ನಿಯರ್ ಇಟ್ಟರು, 15.1 ಬಂತು. ಬಟ್ಟೆ ಸುತ್ತುವುದಕ್ಕೆ ಅಂತ ಒಂದಿಷ್ಟು ಜಾಗ ಬಿಟ್ಟು 14.8 ಎಂಎಂ ಗುಂಡಿನ ಅಚ್ಚು ಕೊಟ್ಟರು. ಎರಡು ನಿಮಿಷದ ಕೆಲಸ. ನಾನು ಆ ದಿನ ಊರಲ್ಲಿ ಇರಲಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಪರೀಕ್ಷೆ ಮಾಡೋಣ ಎಂದು ಮದ್ದು ಸುರಿದು, ಎಣ್ಣೆ ಬಟ್ಟೆಯ ತುಂಡಿನ ಮೇಲೆ ಗುಂಡು ಕೂರಿಸಿ ಒತ್ತಿದ್ದಾರೆ. ಮೊದಲ ಎರಡು ಇಂಚು ಬೆಣ್ಣೆಯ ಹಾಗೆ ಹೋಯಿತಂತೆ. ಆಮೇಲೆ ಬಿಗಿ. ಗುಂಡು ಒಳಗೆ ತಳ್ಳುವ ಗಜದ ಕಡ್ಡಿಯನ್ನು ಮರದ ಸುತ್ತಿಗೆಯಿಂದ ತಟ್ಟಿದ್ದಾರೆ. ಒಂದು ಗೇಣು ಒಳಗೆ ಹೋಗಿ ನಿಂತಿತು. ಇನ್ನೂ ಎರಡು ಏಟಿಗೆ ಕಡ್ಡಿ ಸೀಳಿತು.

ನಾನು ಹೋದಾಗ ಕೋವಿಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಇಟ್ಟಿದ್ದರು. ಭಾವ ಕೇಪಿನ ಡಬ್ಬಿ ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತಾ ಕೂತಿದ್ದರು.

‘ಕೇಪ್ ಇಟ್ಟು ಹೊಡೆದೇ ಬಿಡ್ತೀನಿ ಮಾರಾಯ. ಗುಂಡು ತಾನಾಗೇ ಹೊರಗೆ ಬರುತ್ತೆ.’

‘ಭಾವ, ಮೊದಲು ಆ ಡಬ್ಬಿ ಒಳಗೆ ಇಡಿ’ ಎಂದೆ.

ಕೇಪಿನ ಕೋವಿ ಇಟ್ಟುಕೊಂಡ ಮನೆಯವರು ಎಲ್ಲರೂ ತಿಳಿದಿರಬೇಕಾದ ಮಾತು ಇದು. ಗುಂಡು ಮದ್ದಿನ ಮೇಲೆ ಮುಟ್ಟಿ ಕೂತಿರಬೇಕು. ನಡುವೆ ಖಾಲಿ ಜಾಗ ಬಿಟ್ಟು ಅರ್ಧ ದಾರಿಯಲ್ಲಿ ನಿಂತರೆ, ಹೊಡೆದಾಗ ಗುಂಡು ಹೋಗದೆ ನಳಿಗೆಯೇ ಉಬ್ಬಬಹುದು, ಸಿಡಿಯಬಹುದು. ಎಡಗೈ ಇರುವುದು ಸರಿಯಾಗಿ ಆ ಜಾಗದಲ್ಲೇ.

ಮದ್ದನ್ನು ಮೊದಲು ಕೊಲ್ಲಬೇಕಿತ್ತು. ಬಾಯಿಂದ ನೀರು ಹೊಯ್ದರೆ ಗುಂಡೇ ಬಿರಡೆಯ ಹಾಗೆ ತಡೆಯುತ್ತದೆ. ಕೇಪು ಕೂರುವ ನಿಪ್ಪಲನ್ನು ತಿರುಗಿಸಿ ತೆಗೆದು, ಹಸುವಿಗೆ ಇಂಜೆಕ್ಷನ್ ಕೊಡುವ ದಪ್ಪ ಸಿರಿಂಜಿನಲ್ಲಿ ಆ ತೂತಿನಿಂದ ನೀರು ತುಂಬಿದೆವು. ಕಪ್ಪು ನೀರು ವಾಪಸ್ ಬಂತು. ಮತ್ತೆ ತುಂಬಿದೆವು. ಹಾಗೇ ರಾತ್ರಿಯಿಡೀ ಬಿಟ್ಟೆವು. ಅತ್ತಿಗೆ ಆ ಸಿರಿಂಜನ್ನು ಇವತ್ತಿಗೂ ಕೊಟ್ಟಿಗೆಗೆ ತೆಗೆದುಕೊಂಡು ಹೋಗುವುದಿಲ್ಲ.

ಮರುದಿನ ಕಬ್ಬಿಣದ ಸರಳಿನ ತುದಿಗೆ ಮರದ ಸ್ಕ್ರೂ ಬೆಸುಗೆ ಹಾಕಿಸಿ, ಸರಳು ನಳಿಗೆಗೆ ತಾಗದ ಹಾಗೆ ಬಟ್ಟೆ ಸುತ್ತಿ, ಸೀಸಕ್ಕೆ ತಿರುಪಿ ಎಳೆದೆವು. ಇಬ್ಬರು ಕೋವಿ ಹಿಡಿದು, ಒಬ್ಬ ಸರಳು ಹಿಡಿದು. ‘ಪೊಕ್’ ಎಂದು ಬಂತು.

ಗುಂಡು ನನ್ನ ಅಂಗೈಗೆ ಬಂದಾಗ ನಾನು ಕಥೆ ಕೇಳುವುದನ್ನು ಬಿಟ್ಟು ಗುಂಡನ್ನೇ ನೋಡಿದೆ. ಸುತ್ತಲೂ ಮೂರು ಅಗಲವಾದ ಪಟ್ಟಿ ಒತ್ತಿತ್ತು. ಪಟ್ಟಿಗಳ ನಡುವೆ ಮೂರು ಉಬ್ಬು. ಅಂದರೆ ಈ ನಳಿಗೆ ಒಳಗೆ ನುಣುಪಲ್ಲ, ಗುಂಡನ್ನು ತಿರುಗಿಸಿ ಬಿಡುವ ಗೀರು ಇರುವ ರೈಫಲ್. ಮೂರು ತಲೆಮಾರಿನವರು ಇದನ್ನು ಸುಮ್ನೆ ‘ಕೇಪಿನ ಕೋವಿ’ ಎಂದೇ ಕರೆದುಕೊಂಡು ಬಂದಿದ್ದರು. ಟಾರ್ಚ್ ಬಿಟ್ಟು ನೋಡಿದರೂ ಮಸಿ ಮತ್ತು ತುಕ್ಕಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಸಿಕ್ಕಿಕೊಂಡ ಗುಂಡನ್ನೇ ಅಳೆದರೆ ಆಯಿತಲ್ಲ ಎಂದು ಮೊಮ್ಮಗ ಕೇಳಿದ. ಆಗುವುದಿಲ್ಲ. ಸ್ಕ್ರೂ ಹೊಕ್ಕಿದ ಕೂಡಲೇ ಸೀಸ ಉಬ್ಬುತ್ತದೆ. ಆ ಅಳತೆಯನ್ನು ನಂಬಿ ಅಚ್ಚು ಮಾಡಿಸಿದರೆ ಮತ್ತೆ ಅದೇ ಗೋಳು.

ನಿಜವಾದ ಅಳತೆ ಶುರುವಾದದ್ದು ಎರಡು ದಿನದ ತೊಳೆತದ ಮೇಲೆ. ಕುದಿಯುವ ನೀರು, ಎಣ್ಣೆ, ಹಿತ್ತಾಳೆ ಬ್ರಷ್, ಮತ್ತೆ ಬಟ್ಟೆ. ಹಬ್ಬದ ಕೆಲಸ ಬಿಟ್ಟು ಗಂಡಸರೆಲ್ಲ ಪಾತ್ರೆ ತೊಳೆದ ಹಾಗೆ ಕೋವಿ ತೊಳೆಯುತ್ತಾ ಕೂತಿದ್ದೇವೆ ಎಂದು ಅತ್ತಿಗೆ ಒಂದು ಮಾತು ಹೇಳಿದರು. ಕೊನೆಗೆ ಬಟ್ಟೆ ಬಿಳಿಯಾಗಿ ಹೊರಗೆ ಬಂತು. ಆಗ ನಳಿಗೆಯ ಬಾಯಿಯನ್ನು ಬೆಳಕಿಗೆ ಹಿಡಿದರೆ ಗೀರು ಸ್ಪಷ್ಟವಾಗಿ ಕಂಡವು. ಉತ್ತ ಗದ್ದೆಯ ಸಾಲು ಮತ್ತು ದಿಂಡಿನ ಹಾಗೆ. ಮೂರು ಸಾಲು, ಮೂರು ದಿಂಡು, ನಿಧಾನವಾಗಿ ತಿರುಚಿಕೊಂಡು ಒಳಗೆ ಹೋಗುತ್ತವೆ.

ಇಲ್ಲಿಯೇ ವರ್ನಿಯರ್ ಕೈಕೊಡುವುದು. ಗೀರು ಇರುವ ನಳಿಗೆಯ ಬೋರ್, ಅಂದರೆ ಒಳಗಿನ ಅಗಲ, ದಿಂಡಿನಿಂದ ದಿಂಡಿಗೆ ಅಳೆಯುವುದು. ಸಾಲುಗಳ ಸಂಖ್ಯೆ ನಾಲ್ಕೋ ಆರೋ ಇದ್ದರೆ ಒಂದು ದಿಂಡಿನ ನೇರ ಎದುರಿಗೆ ಇನ್ನೊಂದು ದಿಂಡು ಇರುತ್ತದೆ, ಅಳೆದುಬಿಡಬಹುದು. ಮೂರು ಇದ್ದರೆ? ಸೀಲಿಂಗ್ ಫ್ಯಾನ್ ನೋಡಿ. ಮೂರು ರೆಕ್ಕೆ. ಯಾವ ರೆಕ್ಕೆಯ ಎದುರಿಗೂ ರೆಕ್ಕೆ ಇಲ್ಲ, ಖಾಲಿ ಜಾಗ ಇದೆ. ಇಲ್ಲೂ ಹಾಗೇ. ವರ್ನಿಯರಿನ ಒಂದು ಮೂತಿ ದಿಂಡಿನ ಮೇಲೆ ಕೂತರೆ ಇನ್ನೊಂದು ಸಾಲಿನೊಳಗೆ ಇಳಿಯುತ್ತದೆ. ಬರುವ ಅಳತೆ ದಿಂಡಿನದ್ದೂ ಅಲ್ಲ, ಸಾಲಿನದ್ದೂ ಅಲ್ಲ. ಬೋರಿಗಿಂತ ಒಂದು ಸಾಲಿನ ಆಳದಷ್ಟು ಜಾಸ್ತಿ.

ರಿಪೇರಿಯವರ ಲೆಕ್ಕದಲ್ಲಿ ಇನ್ನೂ ಒಂದು ತಪ್ಪು ಸೇರಿತ್ತು. ನಳಿಗೆಯ ಬಾಯಿ ಸವೆದಿತ್ತು. ಬಾಯಿಂದ ತುಂಬುವ ಕೋವಿಗೆ ಪ್ರತಿ ಈಡಿಗೂ ಗಜ ಒಳಗೆ ಹೋಗಿ ಹೊರಗೆ ಬರಬೇಕು. ಉಕ್ಕಿನ ಗಜ ಒಂದೇ ಕಡೆ ಉಜ್ಜಿ ಉಜ್ಜಿ ಬಾಯಿ ಅಗಲವಾಗುತ್ತದೆ. ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿದ ಜಾಗ ಇರುತ್ತಲ್ಲ, ಅದೇ. ಅಲ್ಲಿ ಅಳೆದು ‘ಬಾವಿಯೇ ಇಷ್ಟಗಲ’ ಅಂದರೆ ಹೇಗೆ? ವರ್ನಿಯರಿನ ಮೂತಿ ಒಳಗೆ ಹೋಗುವುದೇ ಅರ್ಧ ಇಂಚು. ಸವೆದ ಜಾಗ ಎರಡು ಇಂಚು. ಅದಕ್ಕೇ ಭಾವನ ಗುಂಡು ಎರಡು ಇಂಚು ಬೆಣ್ಣೆಯ ಹಾಗೆ ಹೋದದ್ದು.

ನಾನು ಮಾಡಿದ್ದು ಕಾರ್ಖಾನೆಯ ಹಳೇ ವಿದ್ಯೆ. ಕುಶಾಲನಗರದಲ್ಲಿ ಪರಿಚಯದವರ ಒಂದು ಲೇತ್ ಇದೆ. ಅಲ್ಲಿ ಹಿತ್ತಾಳೆಯ ಸಣ್ಣ ಸಣ್ಣ ಪ್ಲಗ್ ತಿರುಗಿಸಿಕೊಂಡೆ: 14.50, 14.60, 14.65, 14.70, 14.80. ಒಂದೊಂದೂ ಹೆಬ್ಬೆರಳಿನ ಅರ್ಧದಷ್ಟು ಉದ್ದ. ಉಕ್ಕು ಬೇಡ, ಗೀರು ಬೀಳುತ್ತದೆ. ಒಂದೊಂದನ್ನೂ ಸರಳಿನ ತುದಿಗೆ ತಿರುಪಿ ನಳಿಗೆಗೆ ಇಳಿಸುವುದು. ದುಂಡು ಪ್ಲಗ್ ಸಾಲಿನೊಳಗೆ ಇಳಿಯಲಾರದು, ಮೂರು ದಿಂಡಿನ ಮೇಲೆಯೇ ಜಾರಬೇಕು. ಹಾಗಾಗಿ ಫ್ಯಾನಿನ ತಕರಾರು ಇಲ್ಲಿ ಬರುವುದೇ ಇಲ್ಲ. ಹೋಯಿತೋ ಇಲ್ಲವೋ, ಅಷ್ಟೇ. ‘ಗೋ, ನೋ-ಗೋ’ ಎಂದು ನಾವು ಹೇಳುತ್ತಿದ್ದದ್ದು ಇದಕ್ಕೇ.

14.80 ಎರಡು ಇಂಚು ಹೋಗಿ ನಿಂತಿತು. 14.70 ಕೂಡ ಹೆಚ್ಚುಕಮ್ಮಿ ಅಲ್ಲೇ ನಿಂತಿತು. 14.65 ಹಾಕಿದೆ. ತನ್ನ ಭಾರಕ್ಕೇ ನಿಧಾನವಾಗಿ ಇಳಿಯಿತು. ಒಳಗಿನ ಗಾಳಿ ನಿಪ್ಪಲಿನ ತೂತಿನಿಂದ ಸುಯ್ ಎಂದು ಹೊರಗೆ ಬರುವುದು ಕೇಳಿಸುತ್ತಿತ್ತು. ಬುಡದಿಂದ ಒಂದು ಗೇಣು ಮೇಲೆ ಮಾತ್ರ ಕೈಗೆ ತರಿತರಿ ಹತ್ತಿತು. ಅಲ್ಲಿ ತುಕ್ಕು ತಿಂದಿದೆ. ಮದ್ದು ಉರಿಯುವ ಜಾಗ, ತೊಳೆಯದೆ ಇಟ್ಟರೆ ಮೊದಲು ಹಾಳಾಗುವುದೇ ಅದು.

ಎರಡನೇ ಸಾಕ್ಷಿ ಬೇಕಿತ್ತು. ಒಂದೇ ಅಳತೆಯನ್ನು ನಂಬುವ ಅಭ್ಯಾಸ ನನಗಿಲ್ಲ. ಮೆತ್ತನೆಯ ಸೀಸ ಬೇಕು. ಕಾರಿನ ಚಕ್ರಕ್ಕೆ ಬಡಿಯುವ ತೂಕದ ಚೂರು ಆಗದು, ಅದು ಬೆರಕೆ, ಗಟ್ಟಿ. ಮಂಗಳೂರಿಂದ ತಂದ ಮೀನು ಬಲೆಯ ಸೀಸ ಉಗುರಿಗೆ ಬಗ್ಗುತ್ತದೆ, ಅದು ಸರಿ. ನಡುವೆ ಒಂದು ಕೊಕ್ಕೆ ಇಟ್ಟು ಬೆರಳಿನ ಗಾತ್ರದ ತುಂಡು ಎರಕ ಹೊಯ್ದೆ. ಎಣ್ಣೆ ಸವರಿ, ಸವೆದ ಜಾಗ ದಾಟುವ ತನಕ ಮೆಲ್ಲಗೆ ತಟ್ಟಿ, ಕೊಕ್ಕೆ ಹಿಡಿದು ವಾಪಸ್ ಎಳೆದೆ. ಕೊಕ್ಕೆ ಎರಕದಲ್ಲೇ ಕೂತಿದ್ದರಿಂದ ಸ್ಕ್ರೂ ಹಾಕಿ ಉಬ್ಬಿಸುವ ಮಾತಿಲ್ಲ. ಅಡ್ಡಕ್ಕೆ ಮೈಕ್ರೋಮೀಟರ್ ಹಿಡಿದರೆ 14.78, ತಿರುಗಿಸಿ ಹಿಡಿದರೆ 14.79, ಮೂರನೆಯದು 14.78. ಇದು ಒಂದು ಕಡೆ ದಿಂಡು, ಎದುರಿಗೆ ಸಾಲು. ಬೋರ್ 14.65 ಕಳೆದರೆ ಸಾಲಿನ ಆಳ 0.13. ಎರಡು ತಲೆಗೂದಲಿನ ದಪ್ಪ. ಅಷ್ಟು ಸಣ್ಣ ಸಾಲಿಗೆ ಗುಂಡನ್ನು ತಿರುಗಿಸುವ ಶಕ್ತಿ ಇದೆ ನೋಡಿ.

14.65ನ್ನು 25.4ರಿಂದ ಭಾಗಿಸಿದರೆ 0.577 ಇಂಚು. ಈ ನಂಬರ್ ನೋಡಿದ ಕೂಡಲೇ ನಾನು ಕುರ್ಚಿಯಿಂದ ಎದ್ದೆ.

577 ಅನ್ನುವುದು ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲಿನ ಬೋರ್. 39 ಇಂಚಿನ ನಳಿಗೆ, ಒಳಗೆ ಮೂರು ಸಾಲು, 78 ಇಂಚಿಗೆ ಒಂದು ಸುತ್ತು. ಭಾವನಿಗೆ ಟೇಪ್ ತರಲು ಹೇಳಿದೆ. ನಳಿಗೆ ಮೂರು ಅಡಿ ಮೂರು ಇಂಚು. ಸುತ್ತನ್ನೂ ನೋಡಿಯೇ ಬಿಡೋಣ ಎಂದು ಸರಳಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಸರಳಿನ ಹಿಡಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ನಿಧಾನವಾಗಿ ಒಳಗೆ ತಳ್ಳಿದೆವು. ಹಿಡಿ ಕೈಯೊಳಗೆ ತಾನಾಗಿ ತಿರುಗತೊಡಗಿತು. ಮೇಲಿದ್ದ ಗೆರೆ ಬುಡ ಮುಟ್ಟುವ ಹೊತ್ತಿಗೆ ಕೆಳಗೆ ಬಂದಿತ್ತು. ಅರ್ಧ ಸುತ್ತು. 39 ಇಂಚಿಗೆ ಅರ್ಧ ಸುತ್ತು ಅಂದರೆ 78ಕ್ಕೆ ಒಂದು. ಭಾವ ಮೂರು ಸಲ ತಳ್ಳಿ ಎಳೆದು ನೋಡಿದರು. ಅರವತ್ತೆಂಟು ವರ್ಷದಿಂದ ಅದೇ ಕೋವಿಗೆ ಹೂವು ಇಡುತ್ತಿರುವ ಮನುಷ್ಯ. ‘ಇದು ಒಳಗೇ ತಿರುಗುತ್ತೆ ಕಣೋ’ ಎಂದರು, ಹಸು ಕರು ಹಾಕಿದಷ್ಟು ಸಂತೋಷದಲ್ಲಿ. ಕೋವಿಯ ಕುದುರೆ ಕೂರಿಸಿದ ಬೀಗದ ತಟ್ಟೆ ಉಜ್ಜಿದಾಗ ಮಾಸಿದ ಒಂದು ಕಿರೀಟವೂ ಕಂಡಿತು.

1857ರ ದಂಗೆ ಎಂದ ಕೂಡಲೇ ಶಾಲೆಯಲ್ಲಿ ಎಲ್ಲರೂ ಓದಿರುವುದು ಇದೇ ಎನ್‌ಫೀಲ್ಡಿನ ತೋಟೆಗೆ ಸವರಿದ ಕೊಬ್ಬಿನ ಕಥೆ. ಹಸುವಿನದೋ ಹಂದಿಯದೋ ಎಂಬ ಜಗಳ. ಬೋರಿನ ಕಥೆ ಯಾರೂ ಹೇಳುವುದಿಲ್ಲ. ಅಷ್ಟಕ್ಕೂ ಕೊಬ್ಬು ಯಾಕೆ ಬೇಕಾಯಿತು? ಕಾಗದ ಸುತ್ತಿದ ಗುಂಡು ಬಾಯಿಂದ ಬುಡದವರೆಗೆ ಬಿಗಿಯಾದ ನಳಿಗೆಯಲ್ಲಿ ಇಳಿಯಬೇಕು, ಅದೂ ಹಿಂದಿನ ಈಡಿನ ಮಸಿ ಕೂತಿರುವಾಗ. ಮೊದಲು ಅವರ ಗುಂಡು 0.568 ಇಂಚು ಇತ್ತು. ನಳಿಗೆಗೂ ಗುಂಡಿಗೂ ನಡುವೆ ಕಾಲು ಮಿಲಿಮೀಟರಿಗಿಂತ ಕಡಿಮೆ ಸಂದು. ಈ ದೇಶದ ಸೆಖೆಯಲ್ಲಿ ಮಸಿ ಒಣಗಿ ಗಟ್ಟಿಯಾಗಿ ಗುಂಡು ಇಳಿಯದಾಯಿತು. ಆಮೇಲೆ ಅದನ್ನು 0.550ಕ್ಕೆ ಇಳಿಸಿದರು. ಬುಡದಲ್ಲಿ ಟೊಳ್ಳಿದ್ದ ಗುಂಡು ಅದು. ಹೊಡೆದಾಗ ಹಿಗ್ಗಿ ಸಾಲಿಗೆ ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಸಣ್ಣದಾದರೂ ನಡೆಯಿತು. ನಮ್ಮ ರಿಪೇರಿಯವರು ಮಾಡಿದ ತಪ್ಪಿನ ಅಣ್ಣನನ್ನೇ ಇಡೀ ಸಾಮ್ರಾಜ್ಯ ಮಾಡಿತ್ತು ಅನ್ನಿ.

ದಂಗೆ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡಿದರು. ದೇಶಿ ಸಿಪಾಯಿಗಳ ಕೈಗೆ ಕೊಡಲು ನೋಡಲಿಕ್ಕೆ ಎನ್‌ಫೀಲ್ಡಿನಂತೆಯೇ ಇರುವ, ಒಳಗೆ ಸಾಲೇ ಇಲ್ಲದ ನುಣುಪು ನಳಿಗೆಯ ಕೋವಿ ತಂದರು. ಬೋರ್ 0.656 ಇಂಚು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗದು. ಸಾಲು ಇಲ್ಲದ ಮೇಲೆ ದೂರದ ಗುರಿ ಹೋಯಿತು. ಯಾರನ್ನು ಎಷ್ಟು ನಂಬುತ್ತೇವೆ ಎಂಬುದನ್ನು ನಳಿಗೆಯ ಒಳಗೆ ಬರೆದಿಟ್ಟರು. ಅದೇ 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂದಾಗ ಹಲಗಲಿಯ ಬೇಡರು ತಿರುಗಿ ಬಿದ್ದದ್ದು ನಿಮ್ಮ ಓದುಗರಿಗೆ ಗೊತ್ತೇ ಇದೆ. ನಮ್ಮ ಭಾವನ ಮನೆಗೆ ಸಾಲು ಇರುವುದೇ ಬಂದು ಸೇರಿದೆ. ಹೇಗೆ ಬಂತು ಎಂದು ಕೇಳಿದರೆ ಅವರ ಮನೆಯಲ್ಲಿ ನಾಲ್ಕು ಜನ ನಾಲ್ಕು ಕಥೆ ಹೇಳುತ್ತಾರೆ. ಎಲ್ಲದರಲ್ಲೂ ಒಂದು ಹುಲಿ ಇದೆ.

ಮತ್ತೆ ನಿಮ್ಮ 12ಕ್ಕೆ ಬರುತ್ತೇನೆ. ಮೊಮ್ಮಗ ಪಿಯುಸಿ ಓದುತ್ತಿದ್ದಾನೆ. ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಪೌಂಡ್ ಅಂದರೆ 453.6 ಗ್ರಾಂ. 12ರಿಂದ ಭಾಗಿಸಿದರೆ 37.8 ಗ್ರಾಂ. ಸೀಸದ ಸಾಂದ್ರತೆ 11.34. ಅಷ್ಟು ತೂಕದ ಗುಂಡಿನ ಅಡ್ಡಳತೆ 18.5 ಎಂಎಂ. 16 ಬೋರಿಗೆ 16.8 ಬಂತು, 20ಕ್ಕೆ 15.6. ‘24ಕ್ಕೆ 12ರ ಅರ್ಧ ಅಲ್ವಾ ಅಜ್ಜ, ಒಂಬತ್ತು ಚಿಲ್ಲರೆ’ ಎಂದ. ಮಾಡಿ ನೋಡು ಎಂದೆ. 14.7 ಬಂತು. ತೂಕ ಅರ್ಧವಾದರೆ ಅಗಲ ಅರ್ಧ ಆಗುವುದಿಲ್ಲ, ಐದನೇ ಒಂದು ಭಾಗ ಮಾತ್ರ ಇಳಿಯುತ್ತದೆ. ತೆಂಗಿನಕಾಯಿ ಅಂಗಡಿಯಲ್ಲಿ ಸ್ವಲ್ಪವೇ ದಪ್ಪ ಕಾಣುವ ಕಾಯಿ ಕೈಗೆ ಎತ್ತಿದರೆ ಎಷ್ಟು ಭಾರ ಇರುತ್ತೆ, ಹಾಗೆ. ಈ ಲೆಕ್ಕದಲ್ಲಿ ಭಾವನ ಕೋವಿ ಹೆಚ್ಚುಕಮ್ಮಿ 24 ಬೋರ್. ನಿಮ್ಮ ಪತ್ರಿಕೆಯ ರೀತಿಯಲ್ಲಿ ಬರೆದರೆ ಅದು 24 ಎಂಎಂ ಆಗಿ, ಪಕ್ಕದ 12 ಬೋರಿಗಿಂತ ಎರಡು ಪಟ್ಟು ದೊಡ್ಡ ಫಿರಂಗಿ ಆಗಿಬಿಡುತ್ತದೆ.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಹಳೇ ಕೇಪಿನ ಕೋವಿಯನ್ನು ಅಳೆಯುವ ಮುಂಚೆ, ತೊಳೆಯುವ ಮುಂಚೆ, ಗೋಡೆಯಿಂದ ಇಳಿಸಿದ ಕೂಡಲೇ, ಗಜದ ಕಡ್ಡಿಯನ್ನು ಬಾಯಿಂದ ಬುಡದವರೆಗೆ ಇಳಿಸಿ, ಬಾಯಿಯ ಹತ್ತಿರ ಕಡ್ಡಿಗೆ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗುರುತು ಬಾಯಿಗೆ ಸರಿಯಾಗಿ ಇಟ್ಟಾಗ ಕಡ್ಡಿಯ ತುದಿ ನಿಪ್ಪಲಿನ ಹತ್ತಿರಕ್ಕೆ ಬರಬೇಕು. ಮೂರು ನಾಲ್ಕು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ತೀರಿಹೋದ ಅಜ್ಜ ಎಂದೋ ತುಂಬಿಟ್ಟು ಮರೆತ ಮದ್ದೂ ಇರಬಹುದು. ಮದ್ದಿಗೆ ವಯಸ್ಸಾಗಿದೆ, ಸತ್ತಿರುತ್ತದೆ ಎಂದು ಯಾರೂ ತಿಳಿಯಬೇಡಿ. ಒಣಗಿದ್ದರೆ ಅದು ಹಾಗೇ ಇರುತ್ತದೆ. ಕೂಡಲೇ ಕೋವಿ ಬಲ್ಲವರನ್ನು ಕರೆಯಿರಿ.

ಆ ವರ್ಷ ಕೇಪಿನ ಕೋವಿಯಲ್ಲಿ ತೆಂಗಿನಕಾಯಿ ಹೊಡೆಯಲು ನಾನು ಬಿಡಲಿಲ್ಲ. ಬೋರ್ ಗೊತ್ತಾಯಿತು, 14.2ರ ಗುಂಡು ಬಟ್ಟೆಯ ಜೊತೆ ಸಲೀಸಾಗಿ ಇಳಿಯುತ್ತದೆ ಎಂದೂ ಗೊತ್ತಾಯಿತು. ಆದರೆ ಬುಡದ ಆ ತರಿತರಿ ನನ್ನ ಬೆರಳಿಗೆ ಇನ್ನೂ ನೆನಪಿದೆ. ತುಕ್ಕು ಎಷ್ಟು ಆಳಕ್ಕೆ ತಿಂದಿದೆ ಎಂದು ಪ್ಲಗ್ ಹೇಳುವುದಿಲ್ಲ. ಭಾವ ಒಂದು ದಿನ ಮುನಿಸಿಕೊಂಡರು. ಆಮೇಲೆ ತೋಟೆ ಕೋವಿ ಹಿಡಿದು ಮೂರನೇ ಈಡಿಗೆ ಕಾಯಿ ಒಡೆದು, ಕಡಂಬಿಟ್ಟು ಹಂದಿ ಸಾರು ಮುಂದಿಟ್ಟುಕೊಂಡು ಕೂತಾಗ ಸರಿಹೋದರು.

ಎನ್‌ಫೀಲ್ಡನ್ನು ಎಣ್ಣೆ ಒರೆಸಿ ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ಮನೆಯ ನಡುಕೋಣೆಯಲ್ಲಿ, ದೀಪದ ಪಕ್ಕ ಇಟ್ಟಿದ್ದರು. ಅದರ ಬಾಯಿಗೆ ತೋಕ್ ಪೂ, ಅದೇ ಕೆಂಪು ಹಳದಿ ಕೋವಿ ಹೂವು, ಸಿಕ್ಕಿಸುವುದು ಪದ್ಧತಿ. ಮೊಮ್ಮಗ ಹೂವಿನ ತೊಟ್ಟಿಗೆ ನನ್ನ ವರ್ನಿಯರ್ ಹಿಡಿದು, ‘ಅಜ್ಜ, 2.9. ನೋ-ಗೋ ಬರಲ್ಲ’ ಎಂದ.

ಮುಂದಿನ ಸಲ ಬರೆಯುವಾಗ ‘12 ಬೋರ್’ ಎಂದಷ್ಟೇ ಬರೆಯಿರಿ. ಎಂಎಂ ಬೇಡ.

ನಿಮ್ಮ ಹಳೇ ಓದುಗ,
ನಿವೃತ್ತ ಟೂಲ್‌ರೂಮ್ ನೌಕರ, ಮಡಿಕೇರಿ ತಾಲೂಕು

ಮರೆತಿದ್ದೆ: ‘410’ ಎಂದು ಇನ್ನೊಂದು ಕೋವಿ ಇದೆ. ಅದಕ್ಕೆ ಮಾತ್ರ ಪೌಂಡಿನ ಲೆಕ್ಕ ಹಾಕಬೇಡಿ. ಅದು ನಿಜವಾಗಿಯೂ ಅಗಲವೇ, 0.410 ಇಂಚು. ಪೌಂಡಿಗೆ 410 ಗುಂಡು ಅಂತ ತಿಳಿದರೆ ಕಾಳುಮೆಣಸಿಗಿಂತ ಸ್ವಲ್ಪ ದಪ್ಪ ಗುಂಡು ಹೊಡೆಯುವ ಕೋವಿ ಆದೀತು.